ತೌಡಿಗೆ ಕೊಟ್ಟ ಮಗ

ಕಾಸರಕೋಡ
೧೨ ಫೆಬ್ರವರಿ ೨೦೦೮

ಪ್ರೀತಿಯ ಮಂಜಕ್ಕನಿಗೆ ತಂಗಿ ಕಮಲಿಯ ನಮಸ್ಕಾರ.

ನಾವು ಸುಖವಾಗಿದ್ದೇವೆ. ಹರಿವೆ ಈ ಸಲ ಚೆನ್ನಾಗಿ ಎದ್ದಿದೆ. ಕತಗಾಲದಲ್ಲಿ ನೀನು, ಮಾಬ್ಲ ಭಾವ, ಲೋಕೇಶ ಹೇಗಿದ್ದೀರಿ? ಸುಬ್ಬನ ಅಂಗಡಿಯ ಫೋನಿನಲ್ಲಿ ಮಾತಾಡಿದರೆ ಬೆಂಚಿನ ಮೇಲೆ ಕೂತವರೆಲ್ಲ ಕಿವಿ ಕೊಡುತ್ತಾರೆ. ಎದುರಿಗೆ ಬಂದರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಭಾವನಿಂದ ಓದಿಸಬೇಡ, ನಿಧಾನಕ್ಕೆ ನೀನೇ ಓದು.

ಅಕ್ಕಾ, ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಲೋಕೇಶನನ್ನು ಹೆತ್ತವರು ಯಾರು ಎಂದು ಕೇಳಿದಾಗ ನೀನು "ನಾನೇ" ಎಂದೆ. ತೋಳು ಚಾಚಿ ರಕ್ತವನ್ನೂ ಕೊಟ್ಟೆ. ನಾನು ಪಕ್ಕದಲ್ಲೇ ಅವನ ಚಪ್ಪಲಿ ಹಿಡಿದು ಕೂತಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಅವ್ವನ ಮಾತು ಉಳಿಸಿದೆ.

ನನ್ನ ಮೊದಲ ಗಂಡುಮಗುವಿಗೂ ಲೋಕೇಶನ ಹಾಗೇ ಮೈಯೆಲ್ಲ ತುರಿ, ಕಿವಿಯಲ್ಲಿ ಕೀವು, ಚರ್ಮದಡಿ ಕೆಂಪು ಚುಕ್ಕೆ ಇತ್ತು. ಒಂದು ಜ್ವರಕ್ಕೇ ಹೋಯಿತು. ಆಮೇಲೆ ಲೋಕೇಶ ಹುಟ್ಟಿದಾಗ ಅವ್ವ ಅವನನ್ನು ಮೊರದಲ್ಲಿ ಮಲಗಿಸಿ, ನಿನ್ನಿಂದ ಅವನ ಬೆಲೆಯೆಂದು ಒಂದು ಹಿಡಿ ತೌಡು ಇಸಿದುಕೊಂಡು, ನಿನ್ನ ಮಡಿಲಿಗೆ ಹಾಕಿದಳು. "ಇವ ಇನ್ ಮಂಜಿ ಮಗ. ನಿನ್ ಬಾಯಲ್ಲಿ ನನ್ ಮಗ ಅಂತ ಬಂದ್ರೆ, ಅವನ್ನ ಕರ್ಕಂಡ್ ಹೋದದ್ದು ಇವನ್ನೂ ಹುಡ್ಕಂಡ್ ಬತ್ತದೆ" ಎಂದು ನನಗೆ ಹೇಳಿದಳು. ನಿನಗೆ ಮಕ್ಕಳಿರಲಿಲ್ಲ. ನಿನ್ನ ಮಡಿಲು ತುಂಬಿತು, ಅವನೂ ಉಳಿದ. ಅವನು ನನ್ನನ್ನು ಚಿಕ್ಕಿ ಎಂದು ಕರೆದ, ನಾನು ಓಗೊಟ್ಟೆ.

ರಕ್ತದ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಹೇಳಿದ್ದನ್ನು ನೀನೂ ಕೇಳಿದೆ. ರೋಗಕ್ಕೆ ಪರದೇಶದ ಇಬ್ಬರು ಡಾಕ್ಟರರ ಹೆಸರಂತೆ, ನನ್ನ ನಾಲಿಗೆ ತಿರುಗುವುದಿಲ್ಲ. ತಾಯಿಯ ರಕ್ತದಲ್ಲಿ ಅಡಗಿಕೊಂಡು ಗಂಡುಮಕ್ಕಳ ಮೈಮೇಲೆ ಏಳುತ್ತದಂತೆ. ನಿನ್ನ ರಕ್ತದಲ್ಲಿ ಅದಿಲ್ಲ, ಹಾಗಾಗಿ ಮಗುವಿನಲ್ಲೇ ಹೊಸದಾಗಿ ಹುಟ್ಟಿರಬೇಕು ಎಂದರು. ಒಡಹುಟ್ಟಿದವರ ಎಲುಬಿನ ಮಜ್ಜೆ ಹೊಂದಿದರೆ ಅದನ್ನು ಕೊಟ್ಟು ವಾಸಿ ಮಾಡಬಹುದು ಎಂದರು. ನೀನು "ಇವ ಒಬ್ಬನೇ" ಎಂದೆ. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟರು.

ಆಗ ಹೊರಗೆ ಬೆಂಚಿನ ಮೇಲೆ ನನ್ನ ರಂಜಿತಾ ಕಡಲೆ ತಿನ್ನುತ್ತ ಕಾಲಾಡಿಸುತ್ತಿದ್ದಳು. ಅವನ ಒಡಹುಟ್ಟಿದ ಅಕ್ಕ.

ಅಂದಿನಿಂದ ನನಗೆ ಅನ್ನ ಇಳಿಯಲಿಲ್ಲ. ಹೇಳಿದರೆ ಅವ್ವನ ಮಾತು ಮುರಿದು ಮಗುವಿಗೆ ಏನಾದೀತೋ ಎಂಬ ಹೆದರಿಕೆ. ಹೇಳದಿದ್ದರೆ ಮುಂದಿನ ಜ್ವರದ ಹೆದರಿಕೆ. ಕೇಳೋಣವೆಂದರೆ ಅವ್ವನೂ ಈಗ ಇಲ್ಲ. ಕೊನೆಗೆ ನಮ್ಮ ಮನೆಯವರ ಹತ್ತಿರ ಹೇಳಿಕೊಂಡೆ. "ಅತ್ತೆ ತೌಡ್ ಇಸ್ಕಂಡದ್ದು ಪೋರ ಬದುಕ್ಲಿ ಅಂತ ಅಲ್ವನೆ? ನೀ ಬಾಯ್ ಬಿಡೂಕೆ ಇಷ್ಟ್ ವರ್ಷ ತಕಂಡೆ, ಇನ್ನೂ ಬೇಕಾ?" ಎಂದರು.

ಅವನು ಕೈತಪ್ಪಿ ಹೋಗುತ್ತಾನೆಂದು ನೀನು ಹೆದರಬೇಡ ಅಕ್ಕಾ. ತುರಿಕೆ ಎದ್ದಾಗ ಕೊಬ್ಬರಿ ಎಣ್ಣೆ ಹಚ್ಚಿದವಳು ನೀನು. ಕೆರೆದುಕೊಳ್ಳಬಾರದೆಂದು ಎರಡೂ ಕೈ ಹಿಡಿದು ಹಾಡು ಹೇಳಿದವಳು ನೀನು. ಹೆತ್ತವಳು ಬೇಕಾದದ್ದು ಆ ಸೂಜಿಗೆ ಮಾತ್ರ.

ಸೋಮವಾರ ಲೋಕೇಶನನ್ನು ಕರೆದುಕೊಂಡು ಹೊನ್ನಾವರ ಬಸ್‌ಸ್ಟ್ಯಾಂಡಿಗೆ ಬಾ. ರಂಜಿತಾಳ ಜೊತೆ ನಾನು ಅಲ್ಲಿರುತ್ತೇನೆ. ಡಾಕ್ಟರಮ್ಮನ ಮುಂದೆ ನೀನು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಿರು. ಮಾತು ನಾನಾಡುತ್ತೇನೆ.

ನೀನು ಎತ್ತಿ ಆಡಿಸಿದ ತಂಗಿ,
ಕಮಲಿ

ತಾ. ಕ.: ಒಂದು ಮಾತು ಮೇಲೆ ಬರೆಯಲಿಲ್ಲ. ಕಳೆದ ತಿಂಗಳೇ ರಂಜಿತಾಳನ್ನು ಕರೆದುಕೊಂಡು ಹೋಗಿ "ಅವನನ್ನು ಹೆತ್ತವಳು ನಾನು" ಎಂದು ಡಾಕ್ಟರಮ್ಮನಿಗೆ ಹೇಳಿಬಿಟ್ಟೆ. ಇಬ್ಬರೂ ರಕ್ತ ಕೊಟ್ಟೆವು. ರೋಗ ನನ್ನ ರಕ್ತದಲ್ಲಿದೆ. ರಂಜಿತಾಳ ಮಜ್ಜೆ ಅವನಿಗೆ ಹೊಂದುತ್ತದೆ. ಹೇಳಿ ಬಂದ ಮೇಲೆ ಅವ್ವನ ಮಾತಿನ ಹೆದರಿಕೆಗೆ ನನಗೆ ಜೀವವೇ ಇರಲಿಲ್ಲ. ದಿನವೂ ಫೋನು ಮಾಡಿ ಲೋಕೇಶ ಎಂತ ಮಾಡುತ್ತಿದ್ದಾನೆ ಎಂದು ಕೇಳುತ್ತಿದ್ದದ್ದು ಅದಕ್ಕೇ. ಮೊನ್ನೆ ನೀನು "ಕರು ಹಿಂದೆ ಓಡ್ತಾ ಅವ್ನೆ, ಕರೆದ್ರೆ ಕಿವೀನೇ ಇಲ್ಲ" ಎಂದು ಬೈದೆಯಲ್ಲ, ಆಮೇಲೆ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.