ಹತ್ತೊಂಬತ್ತು ಥೌ ಗ್ಯಾಪ್

ವರ್ಕ್‌ಶಾಪಿನ ಹಿಂದಿನ ಕೋಣೆ
ಮಾರ್ಚ್ ೧೪, ಗುರುವಾರ, ಊಟದ ಹೊತ್ತು

ಪ್ರೀತಿಯ ಕುಳ್ಳಿ,

ಹೇಗಿದ್ದೀಯಾ? ಹೋದ ವಾರ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ನೀನು ಸೇರಿರುವ ವರ್ಕ್‌ಶಾಪಿನಲ್ಲಿ ಪೇಂಟಿನ ವಾಸನೆ ಜಾಸ್ತಿಯಂತೆ, ಮೂಗಿಗೆ ಬಟ್ಟೆ ಕಟ್ಟಿಕೋ. ನಿನ್ನನ್ನು ಕುಳ್ಳಿ ಎಂದು ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನನಗಿಂತ ಗೇಣುದ್ದ ಬೆಳೆದ ಮೇಲೂ ಬೇರೆ ಹೆಸರು ನನ್ನ ಬಾಯಿಗೆ ಬರಲಿಲ್ಲ, ಏನು ಮಾಡಲಿ? ಕ್ಷೇಮಸಮಾಚಾರ ಆಯಿತು. ಈಗ ಮೊದಲ ಮಾತು: ಭಾನುವಾರ ನಿನ್ನ ಕೆಂಪು ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸಬೇಡ. ಕೈ ಮುಗಿದು ಕೇಳುತ್ತೇನೆ. "ಶುರುವಾಯ್ತು ಅಮ್ಮನದು" ಎಂದು ಕಾಗದ ಮಡಚಿ ಆಚೆ ಇಡಬೇಡ ಮಾರಾಯ್ತಿ. ಕೊನೆಯವರೆಗೂ ಓದು, ಆಮೇಲೆ ನಿನ್ನಿಷ್ಟ.

ಎಂಟು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಮಂಗಳವಾರದಿಂದ ಹನ್ನೊಂದು ಸಲ ಮಾಡಿದೆ. ಕೊನೆಗೆ ನಿಮ್ಮಪ್ಪನ ಬಾಯಲ್ಲಿ ಹೇಳಿಸಿದೆ. "ಅಮ್ಮ ಹೇಳಿಕೊಟ್ಟಿದ್ದನ್ನೆಲ್ಲ ಒಪ್ಪಿಸಬೇಡಪ್ಪಾ" ಎಂದು ಫೋನಿಟ್ಟೆಯಂತೆ. ಅವರು ಪಾಪ, ಸ್ಕೂಲ್ ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನಿರಿಸಬಲ್ಲರು, ಮನೆಯ ಇಬ್ಬರು ಹೆಂಗಸರ ನಡುವೆ ಸಿಕ್ಕಿ ಹಣ್ಣಾಗಿದ್ದಾರೆ. ಅದಕ್ಕೇ ಈ ಕಾಗದ. ಮಾವನ ಲಾರಿ ಮೂರು ಗಂಟೆಗೆ ಹೊರಡುತ್ತದೆ, ಶನಿವಾರ ಸಂಜೆಗೆ ನಿನ್ನ ಕೈ ಸೇರಬೇಕು. ದಾರಿಯಲ್ಲಿ ಎಲ್ಲಾದರೂ ಲಾರಿ ನಿಲ್ಲಿಸಿ ಹರಟುತ್ತಾ ಕೂತರೆ ಅಕ್ಕನ ಮುಖ ಮತ್ತೆ ನೋಡಬೇಡ ಎಂದು ಅವನಿಗೆ ಹೇಳಿದ್ದೇನೆ. ಇದರ ಜತೆ ಒಂದು ಬೆಂಕಿಪೊಟ್ಟಣ ಕೊಡುತ್ತಾನೆ. ಈಗಲೇ ತೆಗೆಯಬೇಡ, ನಾನು ಹೇಳಿದಾಗ ತೆಗೆ.

ನಮ್ಮ ಹಲ್ಲಿನ ಡಾಕ್ಟರು ಇದ್ದಾರಲ್ಲ, ನಿನ್ನ ಬುದ್ಧಿಹಲ್ಲು ಕಿತ್ತವರು, ಅವರಿಗೆ ಈಗ ಕಾರಿನ ಹುಚ್ಚು. ಎಂಟು ತಿಂಗಳ ಹಿಂದೆ ಟ್ರ್ಯಾಕಿನಲ್ಲಿ ಒಡೆದ ನಮ್ಮ ಬಿಳಿ ಕಾರಿನಂಥದ್ದೇ ಎಂಜಿನ್ನು, ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿಕೊಂಡು ಬಂದಿದ್ದಾರೆ. ವಾರವೆಲ್ಲ ಆಸ್ಪತ್ರೆಗೆ ಓಡಿಸಬೇಕಂತೆ, ಭಾನುವಾರ ಟ್ರ್ಯಾಕಿನಲ್ಲಿ ಹಾರಿಸಬೇಕಂತೆ. "ಪಿಸ್ಟನ್ನಿಗೆ ಯಾವ ರಿಂಗ್ ಹಾಕ್ತೀರಿ, ಯಾಕೆ ಹಾಕ್ತೀರಿ?" ಎಂದು ದಿನಾ ಬಂದು ನನ್ನ ತಲೆ ತಿನ್ನುತ್ತಾರೆ. ಬೀಡುಕಬ್ಬಿಣದ ರಿಂಗು ಸಾಕೇ, ಉಕ್ಕಿನದು ಬೇಕೇ ಎಂದು ನನಗೂ ಅನುಮಾನವಿತ್ತು. ಬೀಡಿನದು ಊರೊಳಗೆ ಓಡಾಡುವ ಗಾಡಿಗೆ ಬೇಕಾದಷ್ಟಾಯಿತು, ಬೇಗ ಹೊಂದಿಕೊಳ್ಳುತ್ತದೆ. ಆದರೆ ಟರ್ಬೊ ಒತ್ತಡಕ್ಕೆ, ಅದೂ ಇಪ್ಪತ್ತು ನಿಮಿಷ ಕಾಲೆತ್ತದೆ ತುಳಿಯುವ ಕಡೆ, ತಾಳುತ್ತದೋ ಇಲ್ಲವೋ. ಹಳೆಯ ಬಿಳಿ ಕಾರಿನಲ್ಲಿ ನಾನು ಹಾಕಿದ್ದು ಉಕ್ಕಿನದೇ ಅಲ್ಲವೇ, ಅದು ಹೇಗೆ ಬಾಳಿದೆಯೋ ನೋಡಿ ನಿರ್ಧರಿಸೋಣ ಎಂದು ಮಂಗಳವಾರ ಮೂಲೆಯ ಟಾರ್ಪಾಲು ಸರಿಸಿದೆ. ಎಂಟು ತಿಂಗಳು ಅದನ್ನು ಮುಟ್ಟಿರಲಿಲ್ಲ. ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಪುರುಸೊತ್ತು ಇತ್ತು ಕುಳ್ಳಿ, ಧೈರ್ಯ ಇರಲಿಲ್ಲ.

ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮಪ್ಪ ಇದನ್ನು ಓದದೆ ಅಂಟಿಸಲು ಬಿಡುವುದಿಲ್ಲ, ಅವರಿಗೂ ಅರ್ಥವಾಗಲಿ. ಎಂಜಿನ್ ಬಿಚ್ಚಿ ನೋಡಿದರೆ ಮೂರನೆಯ ಪಿಸ್ಟನ್ನು ರಿಂಗು ಕೂರುವ ಕಡೆಯೇ ಒಡೆದು ಚೂರಾಗಿತ್ತು. ಸಿಲಿಂಡರಿನ ಗೋಡೆ ಉದ್ದಕ್ಕೂ ಗೀಚಿಹೋಗಿತ್ತು. ನಾನು ಮೊದಲು ನೋಡಿದ್ದು ಪಿಸ್ಟನ್ನುಗಳ ತಲೆ. ನಾನು ಅವತ್ತು ದೂರಿದ ಹಾಗೆ ನೀನು ಗೇರ್ ತಪ್ಪಿಸಿ ಎಂಜಿನ್ನನ್ನು ಮಿತಿಮೀರಿ ತಿರುಗಿಸಿದ್ದರೆ ವಾಲ್ವುಗಳು ಬಂದು ತಲೆಗೆ ಬಡಿದು ಅಲ್ಲಿ ಗುರುತು ಬಿದ್ದಿರಬೇಕು. ಸೀಮೆಎಣ್ಣೆ ಹಾಕಿ ಉಜ್ಜಿದೆ, ಲೈಟು ಹಿಡಿದೆ, ಬೆರಳಾಡಿಸಿದೆ. ನಾಲ್ಕರಲ್ಲೂ ಒಂದು ಗುರುತಿಲ್ಲ. ನಿಜ ಹೇಳುತ್ತೇನೆ, ಒಂದಾದರೂ ಗುರುತು ಇರಲಿ ದೇವರೇ ಎಂದು ಹುಡುಕಿದೆ. ಎಂಥ ತಾಯಿ ನೋಡು.

ಅಷ್ಟರಲ್ಲಿ ಡಾಕ್ಟರು ಬಂದರು. ಹಲ್ಲು ನೋಡಲು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಅವರ ಜೇಬಿನಲ್ಲೇ ಇರುತ್ತದೆ. ಮುರಿದ ರಿಂಗಿನ ತುಂಡು ಎತ್ತಿಕೊಂಡು, ಅದರ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾಕಮ್ಮ ಇಲ್ಲಿ ಮಾತ್ರ ಹೀಗೆ ಹೊಳೀತಿದೆ? ಎರಡು ಹಲ್ಲು ಒತ್ತೊತ್ತಾಗಿ ಉಜ್ಜಾಡಿದ್ರೆ ಹೀಗೇ ಹೊಳಪು ಬರುತ್ತೆ" ಎಂದರು. ಆ ಮನುಷ್ಯನಿಗೆ ರಿಂಗಿನ ಗಂಧಗಾಳಿ ಇಲ್ಲ, ಆದರೂ ಒಂದೇ ನೋಟಕ್ಕೆ ಕಂಡದ್ದು ನನಗೆ ಕಂಡಿರಲಿಲ್ಲ. ಮಿಕ್ಕ ಮೂರರ ಮೇಲಿನ ರಿಂಗುಗಳನ್ನೂ ತೆಗೆದೆ. ಅವುಗಳ ತುದಿಗಳೂ ಹಾಗೇ ಕನ್ನಡಿಯಾಗಿದ್ದವು. ಈಗ ಬೆಂಕಿಪೊಟ್ಟಣ ತೆಗೆ. ಎರಡು ತುಂಡು ಇವೆ, ತುದಿ ನೋಡು. ನಾನು ಹೇಳಿದ್ದನ್ನು ನಂಬಬೇಡ, ನಿನ್ನ ಕಣ್ಣನ್ನು ನಂಬು.

ಕಾದ ಉಕ್ಕು ಉದ್ದವಾಗುತ್ತದೆ, ಉದ್ದವಾದದ್ದಕ್ಕೆ ಹೋಗಲು ಜಾಗ ಬೇಕು, ಅದಕ್ಕೇ ರಿಂಗಿನ ತುದಿ ಉಜ್ಜಿ ಎರಡು ತುದಿಗಳ ನಡುವೆ ಗ್ಯಾಪ್ ಬಿಡುವುದು. ಜಾಗ ಸಾಲದಿದ್ದರೆ ತುದಿಗೆ ತುದಿ ಗುದ್ದುತ್ತದೆ, ರಿಂಗು ಗೋಡೆಗೆ ಕಚ್ಚಿಕೊಳ್ಳುತ್ತದೆ, ಪಿಸ್ಟನ್ ಒಡೆಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತೆರಡು ವರ್ಷದಿಂದ ಗೊತ್ತು. ಆದರೆ ಆ ಇಪ್ಪತ್ತೆರಡು ವರ್ಷವೂ ನಾನು ಉಜ್ಜಿದ್ದು ಟ್ಯಾಕ್ಸಿ, ವ್ಯಾನುಗಳ ರಿಂಗು. ಗ್ಯಾಪ್ ಜಾಸ್ತಿಯಾಗಿ ಹೊಗೆ ಬಂದರೆ ಗಿರಾಕಿಗಳು ಬೀದಿಯಲ್ಲಿ ನಿಂತು ಬೈಯುತ್ತಿದ್ದರು. ಗ್ಯಾಪ್ ಬಿಗಿಯಾಗಿದ್ದಷ್ಟೂ ನನ್ನ ಮರ್ಯಾದೆ ಉಳಿಯಿತು ಎಂದುಕೊಂಡೇ ಬಂದವಳು. ಬಿಳಿ ಕಾರಿಗೆ ರಿಂಗು ಉಜ್ಜುವ ದಿನ ನೀನು ಪುಸ್ತಕದ ಅಂಚಿನಲ್ಲಿ ಲೆಕ್ಕ ಹಾಕಿಕೊಂಡು ಬಂದು, "ಅಮ್ಮಾ, ಇದು ಟರ್ಬೊ. ಮೇಲಿನದಕ್ಕೆ ಹತ್ತೊಂಬತ್ತು ಥೌ ಬಿಡೋಣ, ಎರಡನೇದಕ್ಕೆ ಇನ್ನೂ ಸ್ವಲ್ಪ ಜಾಸ್ತಿ" ಎಂದೆ. (ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು ಕಣ್ರೀ, ಓದುತ್ತಿರುವ ನಿಮಗೇ ಹೇಳಿದ್ದು.) ನಾನು ಪಕ್ಕದ ಟೈರಿನಂಗಡಿಯವರ ಎದುರೇ, "ಹತ್ತೊಂಬತ್ತಾ? ಅದರೊಳಗೆ ನಿಮ್ಮಪ್ಪನ ಬಸ್ಸೇ ಹೋಗುತ್ತಲ್ಲೇ! ನೀನು ಹುಟ್ಟೋಕೆ ಮುಂಚೆಯಿಂದ ನಾನು ರಿಂಗ್ ಉಜ್ಜುತಿದೀನಿ" ಎಂದು ನಗಾಡಿದೆ. ಹದಿನಾಲ್ಕಕ್ಕೆ ನಿಲ್ಲಿಸಿದೆ. ಐದು ಥೌ ಎಂದರೆ ನಿನ್ನ ತಲೆಕೂದಲು ಒಂದೆರಡು ಎಳೆ, ಅಷ್ಟೇ. ಅಷ್ಟಕ್ಕೇ ನೀನು ಮನೆ ಬಿಟ್ಟು ಹೋಗುವ ಹಾಗಾಯಿತು.

ಟ್ರ್ಯಾಕಿನಲ್ಲಿ ಎಂಜಿನ್ ಒಡೆದು ನೀನು ಎಣ್ಣೆ ಮೆತ್ತಿಕೊಂಡು ಇಳಿದಾಗ, ಬದುಕಿ ಬಂದೆಯಲ್ಲ ಎಂದು ತಬ್ಬಿಕೊಳ್ಳಬೇಕಾದವಳು ನಾನು. ಎಲ್ಲರೆದುರು, "ಗೇರ್ ತಪ್ಪಿಸಿ ನನ್ನ ಎಂಜಿನ್ ಕೊಂದಳು" ಎಂದೆ. ನೀನು ಮೂರು ಸಲ "ತಪ್ಪಿಸಿಲ್ಲಮ್ಮ" ಎಂದೆ. ಮೂರನೆಯ ಸಲ ನಿನ್ನ ದನಿ ಎಷ್ಟು ಸಣ್ಣಗಾಗಿತ್ತು ಎಂಬುದು ನನಗೆ ಈಗ ಕೇಳಿಸುತ್ತಿದೆ. ನಿನ್ನೆ ಟೈರಿನವರನ್ನು ಕರೆದು ರಿಂಗುಗಳನ್ನು ತೋರಿಸಿ, ತಪ್ಪು ನನ್ನದು, ಮಗಳದಲ್ಲ ಎಂದು ಹೇಳಿದೆ. ಅವರು ತಲೆ ಕೆರೆದುಕೊಂಡು, "ನಮಗೂ ಅವತ್ತೇ ಅನುಮಾನ ಇತ್ತಕ್ಕಾ, ನಿಮ್ಮ ಬಾಯಿಗೆ ಹೆದರಿ ಸುಮ್ಮನಿದ್ವಿ" ಎಂದರು. ನನ್ನ ಬಾಯಿಗೆ ಹೆದರದೆ ಮಾತಾಡಿದವಳು ನೀನೊಬ್ಬಳೇ, ನಿನ್ನನ್ನೇ ಕಳಕೊಂಡೆ.

ಇಷ್ಟೂ ಬರೆದದ್ದು ಯಾತಕ್ಕೆಂದರೆ, ನಿನ್ನ ಕೆಂಪು ಕಾರಿನ ಎಂಜಿನ್ ಕಟ್ಟಿದ್ದೂ ಅದೇ ವಾರ, ಅದೇ ಕೈ. ನೀನು ಪರೀಕ್ಷೆಗೆ ಕೂತಿದ್ದೆ, ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಅದರಲ್ಲೂ ಹದಿನಾಲ್ಕೇ ಇದೆ. ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದು ವಾದ ಮಾಡುತ್ತೀ, ಗೊತ್ತು. ಬೀದಿಯಲ್ಲಿ ಸಿಗ್ನಲ್ಲಿಗೊಮ್ಮೆ ನಿಲ್ಲುತ್ತೀ, ರಿಂಗು ಅಷ್ಟು ಕಾಯುವುದೇ ಇಲ್ಲ. ಆದರೆ ನೀನು ಈಗ ಟರ್ಬೊದ ಒತ್ತಡ, ಅದೇ ಬೂಸ್ಟ್, ಏರಿಸಿದ್ದೀಯಂತೆ, ನಿಮ್ಮಪ್ಪ ಹೆಮ್ಮೆಯಿಂದ ಹೇಳಿದರು. ಆ ಒತ್ತಡದಲ್ಲಿ, ಉದ್ದನೆಯ ನೇರ ದಾರಿಯಲ್ಲಿ, ಮೂರನೆಯ ಸುತ್ತೋ ನಾಲ್ಕನೆಯದೋ, ಮತ್ತೆ ಅದೇ ಆಗುತ್ತದೆ. ಹೋದ ಸಲ ಕಾರು ಹುಲ್ಲಿನ ಕಡೆ ಜಾರಿತು. ಈ ಸಲ ಎತ್ತ ಜಾರುತ್ತದೋ ಹೇಳುವವರು ಯಾರು? ನನ್ನ ಮೇಲಿನ ಸಿಟ್ಟನ್ನು ಇಟ್ಟುಕೋ, ಅದು ನಿನ್ನ ನ್ಯಾಯ. ಕಾರು ಮಾತ್ರ ಇಳಿಸಬೇಡ ಮಗಳೇ.

ಡಾಕ್ಟರ ಎಂಜಿನ್ನಿಗೆ ಉಕ್ಕಿನ ರಿಂಗೇ ತರಿಸಿದ್ದೇನೆ. ತಪ್ಪು ಉಕ್ಕಿನದಾಗಿರಲಿಲ್ಲ. ಆದರೆ ಇನ್ನೂ ಉಜ್ಜಿಲ್ಲ, ಕೈ ಬರುತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜತೆಯ ಕೆಲಸದವರಿಗೆ ನನ್ನ ನೆನಪು ಹೇಳು, ಅವರಿಗೆ ನನ್ನ ವಿಷಯ ಏನು ಹೇಳಿದ್ದೀಯೋ ಏನೋ. ಎಲ್ಲಿದ್ದರೂ ಸುಖವಾಗಿರು, ನೂರು ವರ್ಷ ಬಾಳು.

ನಿನ್ನ ಬಾಯಿಬಡುಕಿ
ಅಮ್ಮ

ಮರೆತದ್ದು: ಲಾರಿ ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಾದರೆ ಬಯ್ಯಬೇಡ. ನಿಮ್ಮಪ್ಪ ಮೇಲಿನದೆಲ್ಲ ಓದಿ, ಕನ್ನಡಕ ಒರೆಸಿಕೊಂಡು, "ಇಷ್ಟು ಬರೆಯೋಳಿಗೆ ಹೋಗೋಕೇನು ಕಷ್ಟ?" ಎಂದರು. ಹೌದಲ್ಲ ಎನಿಸಿತು. ನಿನ್ನ ಕಾರಿನ ಅಳತೆಯ ಹೊಸ ರಿಂಗು, ಗ್ಯಾಸ್ಕೆಟ್ಟು, ಉಜ್ಜುವ ಮಿಷನ್ನು ಎಲ್ಲ ಚೀಲಕ್ಕೆ ತುಂಬಿದ್ದೇನೆ. ಅಳತೆ ನೀನು ಹೇಳು, ಮಿಷನ್ನಿನ ಹಿಡಿ ನಾನು ತಿರುಗಿಸುತ್ತೇನೆ. ಹತ್ತೊಂಬತ್ತು ಎಂದರೆ ಹತ್ತೊಂಬತ್ತು, ಇಪ್ಪತ್ತು ಎಂದರೆ ಇಪ್ಪತ್ತು, ತುಟಿ ಬಿಚ್ಚುವುದಿಲ್ಲ. ಕಾಗದ ಕೊಟ್ಟು ಮಾವ ನಿನ್ನ ಬಾಗಿಲಲ್ಲೇ ನಿಂತಿರುತ್ತಾನೆ. ನೀನಿದನ್ನು ಓದುವ ಹೊತ್ತಿಗೆ ನಾನು ಕೆಳಗೆ ಬೀದಿಯಲ್ಲಿ, ಅವನ ಲಾರಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ನೀನು ಕರೆಯದೆ ಇಳಿಯುವುದಿಲ್ಲ. ಓದಿ ಮುಗಿಸಿದ್ದರೆ ಕಿಟಕಿಗೆ ಬಂದು ಒಮ್ಮೆ ಕೆಳಗೆ ನೋಡು.