ನಿನ್ನಂಥ ಹಲ್ಲು

ಕೊಪ್ಪಳ
ಚಿತ್ರಭಾನು ಸಂವತ್ಸರದ ಕಾರ್ತೀಕ
ಶನಿವಾರ, 14-11-1942

ನನ್ನ ಕಳಕವ್ವಾ,

ಬೇವೂರಿನಲ್ಲಿ ನೀನೂ ನಿನ್ನ ಮಾವ ದೊಡ್ಡಬಸಪ್ಪನೂ ಸುಖವಾಗಿದ್ದೀರೆಂದು ತಿಳಿದು ಬರೆಯುತ್ತಿದ್ದೇನೆ. ಇಲ್ಲಿ ನಾವು ಹೇಗಿದ್ದೇವೆ ಎಂಬುದು ಓದುತ್ತ ಹೋದಂತೆ ನಿನಗೇ ಗೊತ್ತಾಗುತ್ತದೆ.

ಈ ಪತ್ರವನ್ನು ಬಳೆಗಾರ್ತಿ ಹಜರತಬೀ ಕೈಯಲ್ಲಿ ಕಳಿಸಿದ್ದೇನೆ. ಜೊತೆಗೆ ಒಂದು ತಗಡಿನ ಡಬ್ಬಿ ಕೊಟ್ಟಿದ್ದೇನೆ. ಪತ್ರ ಮುಗಿಯುವವರೆಗೆ ಅದನ್ನು ತೆರೆಯಬೇಡ. ನಾಳೆಯೋ ನಾಡಿದ್ದೋ ಟಪಾಲಿನಲ್ಲಿ ನನ್ನದೇ ಇನ್ನೊಂದು ಪತ್ರ ಬರುತ್ತದೆ. ಅದರಲ್ಲಿ ‘ಧೈರ್ಯದಿಂದ ಬಾ, ಗದಗಿನ ಡಾಕ್ಟರು ಒಳ್ಳೆಯವರು, ನೋವೇ ಆಗುವುದಿಲ್ಲ’ ಎಂದೆಲ್ಲ ಇರುತ್ತದೆ. ಅದನ್ನು ನಿಮ್ಮಪ್ಪ ಎದುರಿಗೆ ಕುಳಿತು ಒಂದೊಂದೇ ಮಾತು ಹೇಳಿ ಬರೆಸಿದರು. ಅದರಲ್ಲಿ ಅಕ್ಷರ ಮಾತ್ರ ನನ್ನವು.

ನೀನು ಬರೆದ ಕಾಗದ ನಾಲ್ಕು ದಿನದಿಂದ ನನ್ನ ಕುಪ್ಪಸದೊಳಗಿದೆ. “ಅವ್ವಾ, ನಿನ್ನಂಥ ಹಲ್ಲು ನನಗ್ಯಾಕ ಬರಲಿಲ್ಲ? ಕೀಳಿಸಿದ್ರ ನಿನ್ನಂಥಾವು ಬರ್ತಾವಂದ್ರ ಆರಲ್ಲ, ಹನ್ನೆರಡು ಕೀಳಲಿ, ನಾ ಅಳೂದಿಲ್ಲ” ಎಂದು ಬರೆದಿದ್ದೀಯ. ಬರುವ ಗುರುವಾರ ಗದಗಿನ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆಯಲು ನೀನು ಒಪ್ಪಿರುವುದು ಅಪ್ಪನ ಹೆದರಿಕೆಯಿಂದ ಎಂದು ನಾನು ತಿಳಿದಿದ್ದೆ. ನೀನು ಒಪ್ಪಿದ್ದು ನನ್ನ ಹಲ್ಲು ನೋಡಿ. ಅದಕ್ಕೆ ಉತ್ತರ ಕೊಡದೆ ಸುಮ್ಮನಿದ್ದರೆ ನನ್ನಂಥ ಪಾಪಿ ಇನ್ನೊಬ್ಬಳಿಲ್ಲ.

ದಸರೆ ಮುಗಿದ ಮೇಲೆ ಕುಷ್ಟಗಿಯಿಂದ ಕನ್ಯಾ ನೋಡಲು ಬಂದ ದಿನವನ್ನು ನೀನು ಮರೆತಿರಲಾರೆ. ಹುಡುಗ ಗಂಗಾವತಿಯ ತಹಶೀಲ ಕಚೇರಿಯಲ್ಲಿ ಪೇಷ್ಕಾರ. ಅವನಿಗೆ ಕೆಲಸದಿಂದ ಬಿಡುವಿರಲಿಲ್ಲವಂತೆ, ತಾಯಿಯನ್ನೂ ಅಕ್ಕ ವಿರೂಪಾಕ್ಷಮ್ಮನನ್ನೂ ಕಳಿಸಿದ. ಹೆಣ್ಣಿನ ಕೈಗೆ ಬೆಲ್ಲ, ಒಣಕೊಬ್ಬರಿ ಕೊಡುವ ಪದ್ಧತಿಯನ್ನು ನಾನು ಬಲ್ಲೆ. ಬಾಯಿ ಸಿಹಿ ಮಾಡುವುದು ಎನ್ನುತ್ತಾರೆ, ನೋಡುವುದು ಹಲ್ಲು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಎತ್ತಿಗೆ ಕೊಬ್ಬರಿ ಕೊಡುವುದಿಲ್ಲ. ಅದಕ್ಕಾಗಿಯೇ ಸೋಮವಾರದ ಉಪವಾಸವೆಂದು ಹೇಳಿ ಕೊಬ್ಬರಿಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೋ ಎಂದು ನಿನಗೆ ಹೇಳಿಕೊಟ್ಟಿದ್ದೆ. ಆದರೆ ವಿರೂಪಾಕ್ಷಮ್ಮ ನಮಗಿಂತ ಮುಂದೆ ಇದ್ದಳು. “ಉಪಾಸಕ್ಕ ಬೆಲ್ಲ ಕೊಬ್ಬರಿ ನಡೀತೈತೇಳು. ಕಡಿ ತಂಗಿ, ನಾವೇನು ಹೊರಗಿನವ್ರಲ್ಲ” ಎಂದಳು. ನೀನು ಕಡಿದೆ. ತುಂಡು ಸಿಡಿದು ಹುಡುಗನ ತಾಯಿ, ಆ ಮುದುಕಿಯ ಚಹಾದ ಬಸಿಯಲ್ಲಿ ಬಿತ್ತು. ನೀನು ನಕ್ಕುಬಿಟ್ಟೆ. ಆ ನಗೆ ಎಷ್ಟು ಚೆಂದವಿತ್ತೋ ಕಳಕವ್ವಾ! ಅಲ್ಲಿದ್ದವರು ಯಾರೂ ನಗೆ ನೋಡಲಿಲ್ಲ.

ವಿರೂಪಾಕ್ಷಮ್ಮ ಹೇಳಿದ ಮಾತು ನಿನ್ನ ಕಿವಿಗೂ ಬಿದ್ದಿದೆ. “ಹುಡುಗಿ ಲಕ್ಷಣ ಅದಾಳ. ಹಲ್ಲು ಮಾತ್ರ ತಂಬಾಕ ತಿನ್ನೋ ಮುದುಕನ್ನ ಹಲ್ಲಿದ್ದಂಗ ಅದಾವ. ನಾಳೆ ಹುಟ್ಟೋ ಮಕ್ಕಳಿಗೂ ಇವ ಬಂದ್ರ?” ನೀನು ಎದ್ದು ಒಳಗೆ ಹೋದೆ. ಆಮೇಲೆ ಆದದ್ದು ನಿನಗೆ ತಿಳಿಯದು. ನಿಮ್ಮಪ್ಪ “ಅದು ಮ್ಯಾಲಿನ ಕಲಿ ರೀ, ರಕ್ತದಾಗಿಂದಲ್ಲ. ಹಡೆದಾಕಿನ ಹಲ್ಲು ನೋಡ್ರಿ” ಎಂದು ಹೇಳಿ, ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಕರೆದು, “ಒಮ್ಮೆ ನಗು” ಎಂದರು.

ನಾನು ಹೋಗಿ ನಿಂತು ನಕ್ಕೆ. ಮುದುಕಿ ಹತ್ತಿರ ಬಂದು ಕನ್ನಡಕ ಏರಿಸಿ ನೋಡಿ, “ಅವ್ವಯ್ಯ, ಮುತ್ತು ಪೋಣಿಸಿದಂಗ ಅದಾವಲ್ಲ” ಎಂದಳು. ಮಗಳ ಹಲ್ಲು ರಿಪೇರಿ ಮಾಡಿಸಿಕೊಟ್ಟರೆ ಸಂಬಂಧ ಆಗಲಿ ಎಂದು ಅಲ್ಲೇ ಮಾತಾಯಿತು.

ನಿಮ್ಮಪ್ಪ ಮರುದಿನವೇ ರೈಲು ಹತ್ತಿ ಗದಗಿಗೆ ಹೋಗಿ ಬಂದು, ಕೋರ್ಟಿನಲ್ಲಿ ವಾದ ಮಂಡಿಸುವವರಂತೆ ನನ್ನ ಮುಂದೆ ಎಲ್ಲವನ್ನೂ ವಿವರಿಸಿದರು. ಹಲ್ಲನ್ನು ಸಣ್ಣ ಅರದಿಂದ ತಿಕ್ಕಿ ಎಂಥದೋ ಆ್ಯಸಿಡ್ಡಿನಿಂದ ತೊಳೆಯಬಹುದಂತೆ, ಆದರೆ ಕಲೆ ಒಳಗಿನದಾದ್ದರಿಂದ ಪೂರ್ತಿ ಹೋಗುವ ಭರವಸೆಯಿಲ್ಲ, ಹಲ್ಲು ಜುಮ್ಮೆನ್ನುವುದು ಜೀವನವಿಡೀ ಉಳಿಯಬಹುದು. ಇಲ್ಲವೇ ಬಂಗಾರದ ಹೊದಿಕೆ ಹಾಕಿಸಬಹುದು. ಅದನ್ನು ಬೀಗರೇ ಒಲ್ಲೆ ಎಂದಿದ್ದಾರೆ, ನಾಟಕದ ಕಂಪನಿಯವರ ಹಾಗೆ ಕಾಣುತ್ತದಂತೆ. ಉಳಿದದ್ದು ಮುಂದಿನ ಆರನ್ನೂ ಕಿತ್ತು, ಗಾಯ ಮಾಗಿದ ಮೇಲೆ ಕಟ್ಟಿಸಿದ ಹಲ್ಲು ಕೂಡಿಸುವುದು. “ಒಮ್ಮೆ ಕಿತ್ತರ ಮುಗೀತು, ಸಾಯೋತನಕ ಚಿಂತಿ ಇಲ್ಲ” ಎಂದರು. ಅದನ್ನು ನನ್ನ ಮುಖ ನೋಡುತ್ತಲೇ ಹೇಳಿದರು, ಕಳಕವ್ವಾ. ಅವರಿಗೆ ಒಂದಿಷ್ಟೂ ಅಳುಕಿರಲಿಲ್ಲ.

ಬಳೆ ಇಡಿಸಲು ಬಂದ ಹಜರತಬೀಗೆ ಇದನ್ನು ಹೇಳಿದೆ. ಅವಳು ಮಿಸ್ಸಿಯನ್ನೂ ಮಾರುತ್ತಾಳಲ್ಲ, ಹಲ್ಲಿಗೆ ಹಚ್ಚುವ ಕರಿ ಪುಡಿ. “ನಮ್ಮವ್ವನ ಕಾಲದಾಗ ಹಲ್ಲು ಕರ್ರಗಿದ್ದಾಕೀನೇ ಚಂದುಳ್ಳಾಕಿ. ಬೆಳ್ಳಗಿದ್ರ ನಾಯಿ ಹಲ್ಲು ಅಂತ ನಗತಿದ್ರು. ಈಗ ನನ್ನ ಮಿಸ್ಸಿ ಯಾರೂ ಕೇಳವಲ್ರು ಅನ್ನಮ್ಮಕ್ಕ. ನಿಮ್ಮ ಮಗಳಿಗೆ ನಾಕು ಸಲ ಹಚ್ಚಿಬಿಟ್ರ ಕಲೀನೂ ಇಲ್ಲ, ಕೀಳೂದೂ ಇಲ್ಲ” ಎಂದಳು. ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ನನ್ನ ಅಜ್ಜಿ ಬಿಳಿ ಹಲ್ಲನ್ನು ಕರಿ ಮಾಡಿಕೊಳ್ಳಲು ಹೆಣಗಿದಳು. ಕಾಲ ಹೊರಳಿತು. ಹೊರಳಿದಾಗಲೆಲ್ಲ ಬಾಯಿ ತೆರೆಯಬೇಕಾದವರು ನಾವು.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ.

ನಿನಗೆ ನನ್ನಂಥ ಹಲ್ಲೇ ಬಂದಿವೆ. ಅದೇ ಕಂದು ಗೆರೆ, ಅದೇ ಸುಣ್ಣದಂಥ ಚುಕ್ಕೆ. ನೀನು ನೋಡಿರುವುದು ನನ್ನ ಹಲ್ಲಲ್ಲ. ಮೇಲಿನ ಆರು ಹಲ್ಲು ಕಟ್ಟಿಸಿದವು, ಕೆಳಗಿನವು ಕಾಣದಂತೆ ತುಟಿ ಹಿಡಿದು ನಗುತ್ತೇನೆ. ಕೆಂಪು ರಬ್ಬರಿನ ವಸಡಿಗೆ ಪಿಂಗಾಣಿ ಕೂಡಿಸಿದ ಸೆಟ್ಟು. ಇಪ್ಪತ್ತು ವರ್ಷವಾಯಿತು. ಈ ಮಾತು ನಿಮ್ಮಪ್ಪನಿಗೆ, ನನಗೆ, ಅದನ್ನು ಮಾಡಿದ ಡಾಕ್ಟರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನ್ನ ತಮ್ಮ ದೊಡ್ಡಬಸಪ್ಪನಿಗೂ ಗೊತ್ತಿಲ್ಲ. ಹಲ್ಲು ತಿಕ್ಕಿ ತಿಕ್ಕಿ ಬೆಳ್ಳಗಾದವು ಎಂದು ಅವನಿಗೆ ಹೇಳಿದ್ದೆವು.

ನಿಮ್ಮಪ್ಪನಿಗೆ ವಕೀಲಿಯ ಸನ್ನದು ಸಿಕ್ಕ ವರ್ಷ ಇಬ್ಬರೂ ಬಳ್ಳಾರಿಗೆ ಹೋಗಿ ಫೋಟೋ ತೆಗೆಸಿಕೊಂಡೆವು. ಫೋಟೋದವನು ಕರಿ ಬಟ್ಟೆಯೊಳಗಿಂದ ತಲೆ ತೆಗೆದು “ಅಮ್ಮನವರು ಸ್ವಲ್ಪ ನಗಬೇಕು” ಎಂದ. ಇಪ್ಪತ್ತರ ಹುಡುಗಿ, ನಕ್ಕೆ. ಫೋಟೋ ಬಂದಾಗ ನನ್ನ ಬಾಯಿಯ ಜಾಗದಲ್ಲಿ ಒಂದು ಕಪ್ಪು ತೂತು ಇದ್ದ ಹಾಗಿತ್ತು. ಅವರು ಬೈಯಲಿಲ್ಲ. ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟರು. “ಕೊಟ್ರಬಸಪ್ಪ ವಕೀಲನ ಹೆಂಡ್ತಿ ಹಲ್ಲು ತಿಕ್ಕೂದಿಲ್ಲೇನು ಅಂತಾರ” ಎಂದಷ್ಟೇ ಹೇಳಿದರು. ಮೂರು ವಾರಕ್ಕೆ ಮತ್ತೆ ಬಳ್ಳಾರಿಗೆ ಹೋದೆವು. ಆ ಹಲ್ಲುಗಳಿಗೆ ಯಾವ ರೋಗವೂ ಇರಲಿಲ್ಲ, ಅವುಗಳಿಂದ ನಾನು ಕಬ್ಬು ಸೀಳುತ್ತಿದ್ದೆ. ಡಾಕ್ಟರು ಒಂದೊಂದೇ ಕಿತ್ತು ತಟ್ಟೆಯಲ್ಲಿಟ್ಟರು. ಬೇರುಗಳು ಬೆಳ್ಳಗಿದ್ದವು. ಪಡಸಾಲೆಯಲ್ಲಿ ನಿಮ್ಮಪ್ಪನ ಕುರ್ಚಿಯ ಮೇಲೆ ತೂಗುಹಾಕಿರುವ ಫೋಟೋ, ನೀನು ಚಿಕ್ಕವಳಿದ್ದಾಗ ಮುದ್ದು ಕೊಡುತ್ತಿದ್ದೆಯಲ್ಲ, ಅದು ಆಮೇಲೆ ತೆಗೆಸಿದ್ದು.

ಚಿಂತೆ ಇಲ್ಲ ಎನ್ನುತ್ತಾರೆ. ಇಪ್ಪತ್ತು ವರ್ಷ ನಾನು ಕಟಕ್ ರೊಟ್ಟಿ ಕಡಿದಿಲ್ಲ. ಹೊಲದಲ್ಲಿ ಎಲ್ಲರೂ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವಾಗ ನನಗೆ ಪಿತ್ತ ಎಂದು ಹೇಳಿ ದೂರ ಕೂತಿದ್ದೇನೆ. ಸೀನು ಬಂದರೆ ಎರಡೂ ಕೈಯಿಂದ ಬಾಯಿ ಹಿಡಿಯುತ್ತೇನೆ. ಬಚ್ಚಲ ಬಾಗಿಲಿಗೆ ಚಿಲಕ ಹಾಕಿಯೇ ಬಾಯಿ ತೊಳೆಯುತ್ತೇನೆ. ನಿನಗೆ ಎಂಟು ವರ್ಷವಿದ್ದಾಗ ಮಲಗಿದ್ದ ನನ್ನ ಬಾಯಲ್ಲಿ ಆಟಕ್ಕೆ ಬೆರಳಿಟ್ಟೆ. ನಿನ್ನ ಕೈಗೆ ಹೊಡೆದೆ. ನೀನು ಯಾಕವ್ವಾ ಎಂದು ಕೇಳಿದೆ. ಅದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ.

ಇದಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ನಿನ್ನನ್ನು ಒಂದೂವರೆ ವರ್ಷದವಳಿದ್ದಾಗ ಬೇವೂರಿಗೆ ಯಾಕೆ ಕಳಿಸಿದಿರಿ ಎಂದು ಕೇಳಿದಾಗಲೆಲ್ಲ ಕೊಪ್ಪಳದಲ್ಲಿ ಪ್ಲೇಗು ಇತ್ತು ಎಂದು ಹೇಳುತ್ತ ಬಂದೆವು. ಪ್ಲೇಗು ಇರಲಿಲ್ಲ. ಆ ರಬ್ಬರು ಒತ್ತಿ ಒತ್ತಿ ನನ್ನ ವಸಡು ಕೀವಾಗಿ ದವಡೆ ಬಾತಿತ್ತು. ತಿಂಗಳುಗಟ್ಟಲೆ ಜ್ವರ. ಗಂಜಿ ಕುಡಿಯುವವಳು ಮಗುವನ್ನು ಹೇಗೆ ನೋಡಿಕೊಂಡಾಳು? ನನ್ನ ಅವ್ವ ಬಂದು ನಿನ್ನನ್ನು ಎತ್ತಿಕೊಂಡು ಹೋದಳು. ನಾನು ಚೇತರಿಸಿಕೊಂಡ ಮೇಲೂ ಅವಳು ನಿನ್ನನ್ನು ಬಿಟ್ಟುಕೊಡಲಿಲ್ಲ. ಏಳು ತುಂಬುವವರೆಗೆ ನೀನು ಬೇವೂರಿನಲ್ಲೇ ಇದ್ದೆ, ನನ್ನ ತವರಿನ ಓಣಿಯ ಬಾವಿಯ ನೀರನ್ನೇ ಕುಡಿದೆ.

ಆ ಬಾವಿ ತೋಡಿದ್ದು ನನ್ನ ನೆನಪಿನಲ್ಲಿದೆ. ಆಗ ನಾನು ಮೂರು ವರ್ಷದವಳು, ಪೂಜೆಯ ದಿನ ಎಲ್ಲರ ಬಾಯಿಗೂ ಹಾಕಿದ ನೀರಿನ ಸಿಹಿ ಒಂದೇ ನೆನಪು. ಹಳ್ಳದ ನೀರು ಕುಡಿದು ಬೆಳೆದ ನಮ್ಮ ಅಕ್ಕನ ಹಲ್ಲು ಬೆಳ್ಳಗೆ, ಬಾವಿಯ ನೀರು ಕುಡಿದ ನನ್ನದೂ ದೊಡ್ಡಬಸಪ್ಪನದೂ ಕಂದು. ಒಂದೇ ರಕ್ತ, ಒಂದೇ ಒಲೆ. ಓಣಿಯ ಮಕ್ಕಳೆಲ್ಲ ಬೂದಿ, ಇದ್ದಲಿ, ಇಟ್ಟಿಗೆ ಪುಡಿ ಹಾಕಿ ವಸಡಿನಲ್ಲಿ ರಕ್ತ ಬರುವವರೆಗೆ ತಿಕ್ಕಿದೆವು, ಆದರೂ ಹೊಲಸು ಮಕ್ಕಳು ಎನಿಸಿಕೊಂಡೆವು. ಎರಡು ವರ್ಷದ ಕೆಳಗೆ ಹುಬ್ಬಳ್ಳಿಯಿಂದ ಸಾಮಾನು ಸುತ್ತಿ ಬಂದ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ನೆಲ್ಲೂರಿನ ಕಡೆ ಹಲವು ಹಳ್ಳಿಗಳ ಮಕ್ಕಳ ಹಲ್ಲಿನಲ್ಲಿ ಇಂಥದೇ ಕಲೆಯಂತೆ, ಅದಕ್ಕೆ ಕಾರಣ ಬಾವಿಯ ನೀರು ಎಂದು ವೈದ್ಯರು ಹೇಳುತ್ತಾರಂತೆ. ಆ ಹಾಳೆಯನ್ನು ನಿಮ್ಮಪ್ಪನ ಮುಂದೆ ಇಟ್ಟೆ. “ಪೇಪರದಾಗ ನೂರಾ ಎಂಟು ಬರೀತಾರ. ಬೀಗರ ಮುಂದ ನೆಲ್ಲೂರಿನ ಪುರಾಣ ಓದ್ಲೇನು?” ಎಂದರು.

ಈಗ ಎಲ್ಲವನ್ನೂ ಕೂಡಿಸಿ ನೋಡು. ನನ್ನ ನಗೆ ಚೆಂದ ಮಾಡಲು ಹಲ್ಲು ಕೀಳಿಸಿದರು. ಕೀಳಿಸಿದ್ದಕ್ಕೆ ದವಡೆ ಬಾತಿತು, ದವಡೆ ಬಾತದ್ದಕ್ಕೆ ನೀನು ಆ ಬಾವಿಯ ನೀರು ಕುಡಿದೆ, ಆ ನೀರಿನಿಂದ ನಿನ್ನ ಹಲ್ಲಿಗೆ ಕಲೆ ಬಂತು. ಆ ಕಲೆಗೆ ಇವರು ಕಂಡುಕೊಂಡಿರುವ ಉಪಾಯ ಅದೇ ಕುರ್ಚಿ, ಅದೇ ಇಕ್ಕಳ.

ಇಷ್ಟೆಲ್ಲ ತಿಳಿದೂ ನಿನಗೆ ಬರಬೇಡ ಎಂದು ಬರೆಯಲು ಕೈ ಬರುತ್ತಿಲ್ಲ. ನಿಮ್ಮಪ್ಪ ಮಾತು ಕೊಟ್ಟಿದ್ದಾರೆ. ನಿನಗೆ ಹದಿನೇಳು ತುಂಬಿತು, ಈಗಾಗಲೇ ಎರಡು ಕಡೆಯವರು ನೋಡಿ ಒಲ್ಲೆ ಎಂದಿದ್ದಾರೆ. ಹುಡುಗ ಕೆಟ್ಟವನೇನಲ್ಲ ಎನ್ನುತ್ತಾರೆ. ಇದು ತಪ್ಪಿದರೆ ವಕೀಲರ ಮಗಳಲ್ಲಿ ಏನೋ ಐಬು ಇದೆ ಎಂದು ಯಲಬುರ್ಗಾದವರೆಗೂ ಮಾತು ಹಬ್ಬುತ್ತದೆ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಅಲೆಯುತ್ತಿದ್ದೇನೆ, ಎಲ್ಲಿ ನಿಂತರೂ ಆ ಫೋಟೋ ಕಾಣುತ್ತದೆ. ಬಾ ಎಂದರೆ ನನ್ನ ಕೈಯಾರೆ ನಿನ್ನ ಬಾಯಿ ಹಾಳು ಮಾಡಿದ ಹಾಗೆ. ಬರಬೇಡ ಎಂದರೆ ಬುಧವಾರ ನಿಮ್ಮಪ್ಪನೇ ಬಂಡಿ ತಂದು ಕರೆದೊಯ್ಯುತ್ತಾರೆ, ದೊಡ್ಡಬಸಪ್ಪ ಅವರಿಗೆ ಎದುರು ನಿಲ್ಲುವವನಲ್ಲ. ಸೋಮವಾರ ನಿನ್ನ ಅತ್ತೆಯಾಗುವವಳು ಮಗಳೊಡನೆ ನನಗೆ ಉಡಿ ತುಂಬಲು ಬರುತ್ತಾಳೆ. ಆಮೇಲೆ ಮಾತು ಹಿಂದೆಗೆಯಲು ಬರುವುದಿಲ್ಲ.

ನಿನ್ನ ಹಲ್ಲು ಬಿಗಿಯಾಗಿವೆ, ನೋವಿಲ್ಲದವು, ನಿನ್ನವು. ಇಷ್ಟನ್ನು ನೆನಪಿಡು. ನಾಳೆ ಬೇವೂರಿನಲ್ಲಿ ಹೊಸ ಜೋಳದ ರೊಟ್ಟಿ ತಟ್ಟಿದರೆ ಮುರಿಯದೆ, ನೆನೆಸದೆ, ಹಾಗೇ ಕಡಿದು ತಿನ್ನು.

ಹದಿನೇಳು ವರ್ಷ ನಿನ್ನೆದುರು ಸರಿಯಾಗಿ ನಗದ,
ನಿನ್ನ ಅವ್ವ
ಅನ್ನಮ್ಮ

ತಾ. ಕ.: ಈಗ ಡಬ್ಬಿ ತೆರೆ. ಹೆದರಬೇಡ, ತೊಳೆದು ಅರಿವೆಯಲ್ಲಿ ಸುತ್ತಿದ್ದೇನೆ. ನೀನು ಬೇಡಿದ ‘ನಿನ್ನಂಥ ಹಲ್ಲು’ ಇವೇ. ಕೈಯಲ್ಲಿ ಹಿಡಿದು ನೋಡು, ಬೇಕೆನಿಸಿದರೆ ಬುಧವಾರ ಬಂಡಿ ಹತ್ತು. ಬೇಡವೆನಿಸಿದರೆ ಆ ಬಾವಿಗೆ ಎಸೆದುಬಿಡು, ಅದರ ಋಣ ಅದಕ್ಕೇ ಸಲ್ಲಲಿ. ನನಗೆ ಮರಳಿ ಕಳಿಸಬೇಡ. ಸೋಮವಾರ ಬೀಗಿತ್ತಿ ಉಡಿ ತುಂಬುವಾಗ ಬೆಲ್ಲ ಕೊಬ್ಬರಿ ಕೊಡುತ್ತಾಳಲ್ಲ, ಆಗ ನಾನು ಬಾಯಿ ತುಂಬ ನಗುವವಳಿದ್ದೇನೆ. ಅದನ್ನು ನೋಡಿದ ಮೇಲೂ ಅವರಿಗೆ ನೀನು ಬೇಕಾದರೆ ಇದ್ದ ಹಲ್ಲಿನೊಂದಿಗೇ ಬೇಕಾಗುತ್ತೀಯ.

ನಿನ್ನೆ ಬೆಳಿಗ್ಗೆಯಿಂದ ನಾನು ಅವನ್ನು ಹಾಕಿಕೊಂಡಿಲ್ಲ. ನಿಮ್ಮಪ್ಪನಿಗೆ ಮೂರು ಸಲ ಊಟ ಬಡಿಸಿದೆ, ಎದುರಿಗೆ ಕುಳಿತು ಆ ಇನ್ನೊಂದು ಪತ್ರ ಬರೆದೆ. ಈಗ ಕೋರ್ಟಿಗೆ ಹೊರಡುವಾಗ ಕನ್ನಡಿಯ ಮುಂದೆ ರುಮಾಲು ಸುತ್ತಿಕೊಳ್ಳುತ್ತ, “ಸೋಮವಾರ ನೆನಪಿರಲಿ, ಎಲ್ಲಾ ನಿನ್ನ ನಗಿ ಮ್ಯಾಲೆ ನಿಂತೈತಿ” ಎಂದರು. ಹೂಂ ಎಂದೆ. ಅವರು ರುಮಾಲಿನ ಸೆರಗನ್ನು ಸರಿಮಾಡಿಕೊಂಡು ಹೊರಟುಹೋದರು.