ಬಿಚ್ಚದೆ ಉಳಿದ ಗಂಟು

ಪ್ರೀತಿಯ ಅಪ್ಪನಿಗೆ,

ನೀವು ಕಳಿಸಿದ ಜೋಳದ ದಂಟು ಬಂದು ತಲುಪಿತು. "ನಿಮ್ಮಪ್ಪ ಹೊಲ ಗುಡಿಸಿ ಕೊಟ್ಟಿದ್ದಾರೆ ಅಕ್ಕಾ. ಮಗಳ ಕಾರ್ಖಾನೆ ನಿಲ್ಲಬಾರದು ಅಂತ ಹಸುವಿನ ಕೆಳಗೆ ಹಾಸೋ ದಂಟನ್ನೂ ಬಿಟ್ಟಿಲ್ಲ," ಎಂದು ಲಾರಿಯವನು ನಕ್ಕ.

ದಂಟಿನಿಂದ ನಾವು ಗಾಡಿ ಓಡಿಸುವ ಎಥೆನಾಲ್ ತೆಗೆಯುತ್ತೇವೆ, ನಿಜ. ಆದರೆ ಅರ್ಧ ದಂಟು ಹೊಲದಲ್ಲೇ ಕೊಳೆತು ಮಣ್ಣಾಗಬೇಕು. ಇಲ್ಲದಿದ್ದರೆ ಮುಂದೆ ನಿಮಗೂ ಬೆಳೆಯಿಲ್ಲ, ನಮಗೂ ದಂಟಿಲ್ಲ. ಇನ್ನು ಮೇಲೆ ಅರ್ಧ ಮಾತ್ರ ಕಳಿಸಿ. ಹೆಚ್ಚು ಬಂದರೆ ಗೇಟಿನಿಂದಲೇ ವಾಪಸು ಕಳಿಸುತ್ತೇನೆ, ಅಪ್ಪ ಅಂತಲೂ ನೋಡುವುದಿಲ್ಲ. ಹಸುವಿನ ಪಾಲಿನ ದಂಟು ಈ ಪತ್ರದ ಜೊತೆಗೇ ವಾಪಸು ಬರುತ್ತಿದೆ.

ಹಗ್ಗ ಸಾಲದೆ ನೀವು ಅಮ್ಮನ ನೀಲಿ ಶಾಲನ್ನು ಸೀಳಿ ಕಟ್ಟುಗಳನ್ನು ಬಿಗಿದಿದ್ದೀರಿ. ಅವಳು ಹೋದ ಮೇಲೆ ಅದನ್ನು ಹೊದೆಯದೆ ನೀವು ಮಲಗಿದ್ದನ್ನು ನಾನು ಕಂಡಿಲ್ಲ. ದಂಟು ಯಂತ್ರಕ್ಕೆ ಹೋಗುವ ಮೊದಲು ಪಟ್ಟಿಗಳನ್ನು ಬಿಚ್ಚಿ, ಒಗೆದು, ಈಗ ಸೇರಿಸಿ ಹೊಲಿಯುತ್ತಿದ್ದೇನೆ. ಲಾರಿಯವನ ಕೈಯಲ್ಲಿ ಹೊಸ ಹಗ್ಗ ಕಳಿಸಿದ್ದೇನೆ.

ಒಂದು ಗಂಟು ಮಾತ್ರ ಬಿಚ್ಚಲಾಗಲಿಲ್ಲ. ಕತ್ತರಿಸಲು ಮನಸ್ಸು ಬರಲಿಲ್ಲ. ಆ ಕಟ್ಟು ನನ್ನ ಮೇಜಿನ ಪಕ್ಕದಲ್ಲೇ ಇದೆ, ನೋಡಿದವರೆಲ್ಲ ಏನಿದು ಅನ್ನುತ್ತಾರೆ. ಚಳಿ ಶುರುವಾಗುವ ಮೊದಲು ಒಮ್ಮೆ ಬನ್ನಿ. ನಿಮ್ಮ ಗಂಟನ್ನು ನೀವೇ ಬಿಚ್ಚಿಕೊಟ್ಟು, ಶಾಲು ಹೊದ್ದುಕೊಂಡು ಹೋಗಿ.

ದಾರಿ ನೋಡುತ್ತಿರುವ,
ನಿಮ್ಮ ದೊಡ್ಡ ಮಗಳು